ಹರಲಾಂಪಿಯ ಹೆಸರಿನ ಕಣ್ಣು

ಪಾದುವಾ, ಇಟಲಿ
25 ಆಗಸ್ಟ್ 2024

ಬೀಗಿತ್ತಿ ಎವ್ದೋಕಿಯಾ ಅವರಿಗೆ ತೆಕ್ಲಾಳ ನಮಸ್ಕಾರಗಳು.

ಮೊದಲೇ ಹೇಳಿಬಿಡುತ್ತೇನೆ, ಈ ಕಾಗದವನ್ನು ನಾನಾಗಿ ಬರೆಯುತ್ತಿಲ್ಲ. ಹೋದ ಭಾನುವಾರ ಫೋನಿನಲ್ಲಿ ನಮ್ಮಿಬ್ಬರ ಕೂಗಾಟ ಮುಗಿದ ಮೇಲೆ ನನ್ನ ಮಗ, ನಿಮ್ಮ ಮುದ್ದಿನ ಅಳಿಯ ಲಿವಿಯು, ನನಗೆ ಅಪ್ಪಣೆ ಮಾಡಿದ್ದಾನೆ. "ಅಮ್ಮಾ, ಸ್ನೇಜಾನಾ ಈಗ ಆರು ತಿಂಗಳ ಬಸುರಿ. ನೀನು ಅಲ್ಲಿಂದ ಅರಚೋದು, ಅತ್ತೆ ಹಳ್ಳಿಯಿಂದ ಅರಚೋದು, ಮಧ್ಯದಲ್ಲಿ ಫೋನ್ ಹಿಡ್ಕೊಂಡು ಇವಳು ಅಳೋದು. ಇನ್ಮೇಲೆ ಒಕ್ಕೂಟದ ವಿಷಯ ಮಾತಾಡೋದಿದ್ರೆ ಇಬ್ರೂ ಕಾಗದ ಬರ್ಕೊಳ್ಳಿ. ಹೇಗೂ ಗೇನಾನ ವ್ಯಾನು ವಾರವಾರ ಇಟಲಿಗೆ ಬಂದು ಹೋಗುತ್ತಲ್ಲ" ಎಂದ. ನಿಮ್ಮ ಮಗಳು ಸ್ನೇಜಾನಾ ನಿಮಗೂ ಇದನ್ನೇ ಹೇಳಿರಬೇಕು.

ಅಕ್ಟೋಬರ್ ಇಪ್ಪತ್ತಕ್ಕೆ ಜನಮತ. ನಮ್ಮ ದೇಶ ಯುರೋಪಿನ ಒಕ್ಕೂಟಕ್ಕೆ ಸೇರಬೇಕೋ ಬೇಡವೋ ಎಂದು ಕೇಳುತ್ತಾರೆ. ನಾನು ಬೇಕು ಎನ್ನುವವಳು, ನೀವು ಬೇಡ ಎನ್ನುವವರು. ಯಾಕೆ ಬೇಡ ಎಂದು ನೀವು ಫೋನಿನಲ್ಲಿ ಹೇಳಿದ್ದು ನನಗೆ ತಿಳಿಯಲಿಲ್ಲ, ಆಗ ನಾನೂ ಮಾತಾಡುತ್ತಿದ್ದೆ.

ನನ್ನ ಕಾರಣ ಕೇಳಿ. ಇಪ್ಪತ್ತೊಂದು ವರ್ಷದ ಹಿಂದೆ ನಾನು ಈ ದೇಶಕ್ಕೆ ಈರುಳ್ಳಿ ಲಾರಿಯಲ್ಲಿ ಬಂದೆ. ಚೀಲಗಳ ಹಿಂದೆ ಮುದುಡಿಕೊಂಡು, ಗಡಿಯಲ್ಲಿ ನಾಯಿ ಬೊಗಳಿದಾಗ ಬಾಯಿಗೆ ಕರವಸ್ತ್ರ ತುರುಕಿಕೊಂಡು. ಕಳ್ಳಿ ಅಲ್ಲದವಳು ಕಳ್ಳಿಯ ಹಾಗೆ ಬಂದೆ. ಈಗಿನವರಿಗೆ ಅಷ್ಟು ಕಷ್ಟ ಇಲ್ಲ, ನಿಜ. ಆದರೂ ನಾವು ಇನ್ನೂ ಹೊಸ್ತಿಲಾಚೆ ನಿಂತವರೇ. ಹುಟ್ಟಲಿರುವುದು ಹೆಣ್ಣು ಎಂದು ಡಾಕ್ಟರು ಹೇಳಿದ್ದಾರಲ್ಲ, ನಮ್ಮ ಆ ಮೊಮ್ಮಗಳು ಹೊಸ್ತಿಲಾಚೆ ನಿಲ್ಲುವುದು ಬೇಡ. ಅವಳು ಎಲ್ಲಿಗಾದರೂ ಹೋಗುವುದಿದ್ದರೆ ತಲೆ ಎತ್ತಿಕೊಂಡು ಹೋಗಲಿ, ತಲೆ ಎತ್ತಿಕೊಂಡೇ ವಾಪಸು ಬರಲಿ. ಇದರಲ್ಲಿ ತಪ್ಪೇನಿದೆ?

ಕಾಫಿ ಪುಡಿ ಕಳಿಸಿದ್ದೇನೆ. ಮಗುವಿಗೆ ಹೆಣೆಯಲು ಹಳದಿ ಉಣ್ಣೆಯೂ ಇದೆ. ನಾನು ನೋಡಿಕೊಳ್ಳುವ ಮುದುಕಿ ನೋರ್ಮಾ ಮಲಗಿದ್ದಾರೆ, ಎದ್ದರೆ ಸೂಪು ಕೇಳುತ್ತಾರೆ. ನಿಲ್ಲಿಸುತ್ತೇನೆ.

ತೆಕ್ಲಾ


ಮೆರಿಶೋರ್, ಮೊಲ್ದೋವಾ
4 ಸೆಪ್ಟೆಂಬರ್ 2024

ಗಂಡಿನ ಕಡೆಯವರಾದ ತೆಕ್ಲಾ ಅವರಿಗೆ,

ಕಾಗದ ತಲುಪಿತು. ಅಕ್ಷರ ಇಷ್ಟು ಸಣ್ಣದಾಗಿ ಬರೆಯುತ್ತೀರಲ್ಲ, ಇಟಲಿಯಲ್ಲಿ ಕಾಗದಕ್ಕೆ ಬರವೇ? ಗೇನಾನ ಹೆಂಡತಿಯ ಕೈಲಿ ಓದಿಸಿಕೊಂಡೆ.

ನಾನು ಟೀವಿ ನೋಡಿ ಬೇಡ ಎನ್ನುತ್ತಿದ್ದೇನೆ ಎಂದುಕೊಂಡಿದ್ದೀರಿ. ಒಕ್ಕೂಟ ಬಂದರೆ ಮನೆಯಲ್ಲಿ ಹಂದಿ ಕಡಿಯುವ ಹಾಗಿಲ್ಲ, ನೆಲಮಾಳಿಗೆಯಲ್ಲಿ ವೈನ್ ಮಾಡುವ ಹಾಗಿಲ್ಲ ಎಂದು ಅಂಗಡಿ ಮುಂದೆ ಗಂಡಸರು ದಿನಾ ಹೇಳುತ್ತಾರೆ. ಅವನ್ನೆಲ್ಲ ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ. ನನ್ನ ಕಾರಣ ಬೇರೆ.

ಈ ಊರಿನ ಸತ್ತವರಿಗೆಲ್ಲ ಜಡೆರೊಟ್ಟಿ ಸುಡುವವಳು ನಾನು. ಈಸ್ಟರ್ ಕಳೆದ ವಾರಕ್ಕೆ ಸಮಾಧಿಗಳ ಹತ್ತಿರ ಎಲ್ಲರೂ ಸೇರಿ, ಸತ್ತವರ ಹೆಸರಿನಲ್ಲಿ ರೊಟ್ಟಿ, ಟವೆಲು, ಲೋಟ ದಾನ ಮಾಡಿ ಪೊಮಾನಾ ಕೊಡುತ್ತೇವಲ್ಲ, ಹೋದ ವರ್ಷ ಅದಕ್ಕೆ ನೀವೂ ಬಂದಿದ್ದಿರಿ. ನಿಮ್ಮ ಯಜಮಾನರು ಹರಲಾಂಪಿಯವರ ಹೆಸರು ಹೇಳಿ ರೊಟ್ಟಿ ಹಿಡಿದು ನಿಂತಿರಿ. ತೆಗೆದುಕೊಳ್ಳುವವರು ಯಾರಿದ್ದರು? ನೀವು ಇಟಲಿಯಿಂದ, ಆ ಕಡೆಯವರು ಫ್ರಾನ್ಸಿನಿಂದ, ಈ ಕಡೆಯವರು ಐರ್ಲೆಂಡಿನಿಂದ. ಎಲ್ಲರೂ ಕೊಡುವವರೇ. ಕಡೆಗೆ ನೀವು ನನಗೆ ಕೊಟ್ಟಿರಿ, ನಾನು ನಿಮಗೆ ಕೊಟ್ಟೆ, ಮಕ್ಕಳು ಆಟದಲ್ಲಿ ಕೊಡುಕೊಳ್ಳುವ ಹಾಗೆ. ಮರುದಿನ ವ್ಯಾನುಗಳು ಹೊರಟವು. ಉಳಿದ ರೊಟ್ಟಿಯನ್ನು ನಾನು ಕೋಳಿಗೆ ಹಾಕಿದೆ.

ಬಾಗಿಲು ಸ್ವಲ್ಪ ತೆಗೆದಿದ್ದಕ್ಕೇ ಊರು ಹೀಗಾಯಿತು. ಬಾಗಿಲನ್ನೇ ಕಿತ್ತು ಪಕ್ಕಕ್ಕಿಟ್ಟರೆ ನಾನೂ ನನ್ನ ಬೆಕ್ಕೂ ಉಳಿಯುತ್ತೇವೆ. ಬೆಕ್ಕಿನ ಮೇಲೂ ನನಗೆ ಅನುಮಾನ ಇದೆ.

ಉಣ್ಣೆ ಮಗುವಿನದು, ಇಟ್ಟುಕೊಂಡಿದ್ದೇನೆ. ಕಾಫಿ ವಾಪಸು ಕಳಿಸಿದ್ದೇನೆ. ಜನಮತ ಮುಗಿಯುವವರೆಗೆ ನಿಮ್ಮಿಂದ ನನಗೆ ಏನೂ ಬೇಡ. ಪೆನ್ನು ಸರಿಯಿಲ್ಲ, ತಪ್ಪು ತಿಳಿಯಬೇಡಿ.

ಎವ್ದೋಕಿಯಾ


ಪಾದುವಾ
9 ಸೆಪ್ಟೆಂಬರ್ 2024

ಬೀಗಿತ್ತಿಯವರೇ,

ಪೆನ್ನು ಸರಿಯಿಲ್ಲವೋ ಮನಸ್ಸು ಸರಿಯಿಲ್ಲವೋ? ಸಾಲಿನ ಮೇಲೆ ಸಾಲು ಗೀಚಿ ಕಳಿಸಿದ್ದೀರಿ. ಮೂರು ಸಂಜೆ ಕೂತು ಬಿಡಿಸಿಕೊಂಡು ಓದಿದೆ. ಇಂಥವಳಿಗೆ ಇಷ್ಟು ಸಾಕು ಎಂದು ನೀವು ಅಂದುಕೊಂಡಿದ್ದೀರಿ ಎಂದು ಚೆನ್ನಾಗಿ ತಿಳಿಯಿತು.

ಕಾಫಿ ವಾಪಸು ಬಂತು. ನಾನು ಕೊಟ್ಟ ಒಂದು ಡಬ್ಬಿ ಕಾಫಿ ನಿಮ್ಮ ಗಂಟಲಲ್ಲಿ ಇಳಿಯದಷ್ಟು ಕಹಿಯಾಯಿತೇ? ಇಟಲಿಯಲ್ಲಿ ಬೇರೆಯವರ ಮನೆಯ ನೆಲ ಒರೆಸಿ ದುಡಿದದ್ದು ಅದು, ಕದ್ದದ್ದಲ್ಲ. ನಿಮ್ಮ ಮಗಳ ಮದುವೆಯಲ್ಲಿ ಇದೇ ದುಡ್ಡಿನ ಊಟ ಬಡಿಸಿದಾಗ ಯಾರೂ ತಟ್ಟೆ ಸರಿಸಲಿಲ್ಲ.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಜೊತೆ ನನಗೆ ಮಾತಿಲ್ಲ.

ತೆಕ್ಲಾ


ಪಾದುವಾ
16 ಸೆಪ್ಟೆಂಬರ್ 2024

ಎವ್ದೋಕಿಯಾ ಅವರೇ,

ಹೋದ ವಾರದ ನನ್ನ ಕಾಗದ ಗೇನಾನ ಹೆಂಡತಿ ಇನ್ನೂ ಓದಿಲ್ಲದಿದ್ದರೆ ದಯವಿಟ್ಟು ಒಲೆಗೆ ಹಾಕಿಬಿಡಿ. ಓದಿಬಿಟ್ಟಿದ್ದರೆ ನನ್ನನ್ನು ಬೈಯಿರಿ, ಕೇಳಿಸಿಕೊಳ್ಳುತ್ತೇನೆ.

ನೆನ್ನೆ ಸ್ನೇಜಾನಾಗೆ ಫೋನು ಮಾಡಿದಾಗ ಸಿಟ್ಟಿನಲ್ಲಿ ನಿಮ್ಮ ಗೀಚು ಅಕ್ಷರದ ಮಾತು ಎತ್ತಿದೆ. ಹುಡುಗಿ ಅಳಲು ಶುರುಮಾಡಿದಳು. "ಅತ್ತೆ, ಅಮ್ಮ ಕೋಪಕ್ಕೆ ಹಾಗೆ ಬರ್ದಿದ್ದಲ್ಲ. ಅಮ್ಮಂಗೆ ಸಾಲೇ ಕಾಣ್ಸಲ್ಲ. ಎಡಗಣ್ಣು ಚಿಕ್ಕೋಳಿದ್ದಾಗ್ಲೇ ಸುಣ್ಣ ಬಿದ್ದು ಹೋಗಿದ್ದು. ಈಗ ಬಲಗಣ್ಣಲ್ಲೂ ಪೊರೆ ಬಲಿತು ಒಳಗೆ ಒತ್ತಡ ಏರ್ತಿದೆ. ಡಾಕ್ಟ್ರು ಒಂದು ತಿಂಗ್ಳೊಳ್ಗೇ ಕುಯ್ಬೇಕು, ತಡ ಮಾಡಿದ್ರೆ ಆಮೇಲೆ ಕುಯ್ದ್ರೂ ಪ್ರಯೋಜ್ನ ಇಲ್ಲ ಅಂದಿದ್ದಾರೆ. ನಿಮ್ಗೆ ಹೇಳ್ಬಾರ್ದು ಅಂತ ಅಮ್ಮ ಆಣೆ ಹಾಕಿಸ್ಕೊಂಡಿದ್ದಾಳೆ."

ಆಣೆ ಮುರಿದದ್ದಕ್ಕೆ ಹುಡುಗಿಯನ್ನು ಬೈಯಬೇಡಿ. ಸರ್ಕಾರದ ಸರದಿ ಬರುವುದು ವಸಂತಕ್ಕಂತೆ. ರಾಜಧಾನಿ ಕಿಶಿನೌನಲ್ಲಿ ಖಾಸಗಿಯಾಗಿ ಮಾಡುವ ಆಸ್ಪತ್ರೆ ಇದೆ, ಲಿವಿಯು ವಿಚಾರಿಸಿದ್ದಾನೆ. ದುಡ್ಡು ನಾನು ಕಳಿಸುತ್ತೇನೆ. ಸಾಲ ಎಂದುಕೊಳ್ಳಿ, ಉಡುಗೊರೆ ಎಂದುಕೊಳ್ಳಿ, ಸೊಸೆಯ ಬಾಣಂತನಕ್ಕೆ ಎಂದುಕೊಳ್ಳಿ. ಹುಟ್ಟುವ ಕೂಸಿನ ಮುಖ ನೀವು ನೋಡಬೇಡವೇ?

ಇವತ್ತು ಅಕ್ಷರ ದೊಡ್ಡದಾಗಿ ಬರೆದಿದ್ದೇನೆ. ಕಾಣುತ್ತದೆಯೇ?

ತೆಕ್ಲಾ


ಮೆರಿಶೋರ್
23 ಸೆಪ್ಟೆಂಬರ್ 2024

ತೆಕ್ಲಾ ಅವರೇ,

ಎರಡೂ ಕಾಗದ ಓದಿಸಿಕೊಂಡೆ. ಮೊದಲನೆಯದನ್ನು ಒಲೆಗೆ ಹಾಕಿಲ್ಲ, ಚೆನ್ನಾಗಿ ಬೈದಿದ್ದೀರಿ. ಇದನ್ನು ಬಡಗಿಯ ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದೇನೆ. ಪುಟಕ್ಕೆ ಆರೇ ಸಾಲು ಹಿಡಿಯುತ್ತದೆ, ನೀವೂ ಸಹಿಸಿಕೊಳ್ಳಿ.

ನಿಮ್ಮ ದುಡ್ಡು ಕಹಿ ಅಲ್ಲ. ಕಾಫಿಯ ವಾಸನೆಗೆ ಎರಡು ದಿನ ಆಸೆಪಟ್ಟು ಆಮೇಲೆ ವಾಪಸು ಕಳಿಸಿದೆ. ಕಾರಣ ಹೇಳದೆ ಹೋದದ್ದು ನನ್ನ ಜಂಬ.

ಆಗಸ್ಟ್ ಕೊನೆಯಲ್ಲಿ ನಮ್ಮ ಬೀದಿಗೆ ಒಬ್ಬ ಬಂದಿದ್ದ. ಬಿಳಿ ಷರಟು, ಕೈಯಲ್ಲಿ ಫೋನು. "ಅಮ್ಮಾ, ಬೇಡ ಅಂತ ಮುದ್ರೆ ಒತ್ತಿದ್ರೆ ಸಾಕು. ದುಡ್ಡು ಸೀದಾ ನಿಮ್ಮ ಫೋನಿಗೇ ಬೀಳುತ್ತೆ" ಎಂದ. ನಾನು ಹೇಗೂ ಬೇಡ ಎನ್ನುವವಳೇ. ಆದರೆ ಅವನು ಹಾಗೆಂದಾಗ ನನ್ನ ಮೈಯೆಲ್ಲ ಉರಿಯಿತು. "ನನ್ನ ಬೇಡ ನನ್ನದಪ್ಪ. ದುಡ್ಡು ತಗೊಂಡು ಆಡೋಕೆ ನನ್ ಬಾಯೇನು ಬಾಡಿಗೆಗಿದ್ಯಾ?" ಎಂದು ರೊಟ್ಟಿ ತೆಗೆಯುವ ಹುಟ್ಟು ಹಿಡಿದು ಗೇಟಿನವರೆಗೂ ಅಟ್ಟಿದೆ. ಪಕ್ಕದ ಮನೆ ಅಗಾಫಿಯಾ ತೆಗೆದುಕೊಂಡಳು. ಈಗ ನನ್ನ ಮುಖ ನೋಡುವುದಿಲ್ಲ.

ಈಗ ನೀವೇ ಹೇಳಿ. ನೀವು ಬೇಕು ಎನ್ನುವ ಪೈಕಿ. ನಿಮ್ಮ ದುಡ್ಡಿನಿಂದ ಕಣ್ಣು ಮಾಡಿಸಿಕೊಂಡು ಹೋಗಿ ನಾನು ಬೇಡ ಎಂದು ಒತ್ತಿದರೆ ಉಪಕಾರಗೇಡಿ. ಬೇಕು ಎಂದು ಒತ್ತಿದರೆ ಮಾರಿಕೊಂಡವಳು, ಅಗಾಫಿಯಾಳಿಗಿಂತ ದುಬಾರಿಗೆ ಅಷ್ಟೆ. ಎರಡರಲ್ಲಿ ಯಾವುದಾಗಲಿ ಎನ್ನುತ್ತೀರಿ? ಹಂಗು ಹೊತ್ತುಕೊಂಡು ಮತ ಹಾಕುವ ಆ ಪರದೆಯ ಹಿಂದೆ ಹೋಗಲಾರೆ. ಜನಮತ ಮುಗಿಯಲಿ, ಆಮೇಲೆ ನೋಡೋಣ. ಕಣ್ಣು ಎಲ್ಲಿಗೂ ಓಡಿಹೋಗುವುದಿಲ್ಲ.

ದೊಡ್ಡ ಅಕ್ಷರ ಕಾಣಿಸಿತು. ಎಲ್ಲ ಅಲ್ಲ, ಕೆಲವು.

ಎವ್ದೋಕಿಯಾ


ಪಾದುವಾ
29 ಸೆಪ್ಟೆಂಬರ್ 2024

ಎವ್ದೋಕಿಯಾ,

ಕಣ್ಣು ಓಡಿಹೋಗುವುದಿಲ್ಲ ಎಂದು ನೀವು ಬರೆದಿದ್ದೀರಿ. ಓಡಿಹೋಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಮೂರು ವಾರ ಕಾಯಲು ಅದಕ್ಕೆ ಜನಮತದ ಗೊಡವೆ ಏನಿದೆ?

ಮೂರು ದಿನ ಯೋಚಿಸಿದೆ. ನೋರ್ಮಾ ಅಮ್ಮನ ಸೂಪಿಗೆ ಎರಡು ಸಲ ಉಪ್ಪು ಹಾಕಿದೆ. ಆಮೇಲೆ ಹೊಳೆಯಿತು.

ಅಕ್ಟೋಬರ್ ಎಂಟಕ್ಕೆ ನನ್ನ ಹರಲಾಂಪಿಯ ಏಳನೇ ವರ್ಷ. ಏಳನೆಯದು ದೊಡ್ಡದು, ಅವತ್ತು ಬರೀ ರೊಟ್ಟಿ ಲೋಟ ಸಾಲದು, ಮೇಜು ಕುರ್ಚಿ, ಹಾಸಿಗೆ ಹೊದಿಕೆ, ಕುರಿಮರಿ, ಕೈಲಾದಷ್ಟು ದೊಡ್ಡ ಪೊಮಾನಾ ಕೊಡಬೇಕು ಎಂದು ಹೇಳಿದವರು ನೀವೇ. ಇಲ್ಲಿ ಏನು ಕೊಡುತ್ತೇವೋ ಅಲ್ಲಿ ಅದು ಅವರಿಗೆ ಸಲ್ಲುತ್ತದೆ ಎಂದವರೂ ನೀವೇ.

ಹರಲಾಂಪಿಗೆ ಏನು ಕೊರತೆ ಇದೆ ಎಂದು ನನಗೆ ಗೊತ್ತು. ಅವನು ಸತ್ತಾಗ ನಾನು ವ್ಯಾನಿನಲ್ಲಿ ಹಂಗೇರಿ ದಾಟುತ್ತಿದ್ದೆ. ಬರುವಷ್ಟರಲ್ಲಿ ಮಣ್ಣಾಗಿತ್ತು. ಲಿವಿಯು ಗಾಬರಿಯಲ್ಲಿ, ಶವದ ಜೊತೆ ಪೆಟ್ಟಿಗೆಯಲ್ಲಿ ಇಡಬೇಕಿದ್ದ ಅಪ್ಪನ ಕನ್ನಡಕವನ್ನು ಕಿಟಕಿಯ ಮೇಲೇ ಮರೆತಿದ್ದ. ಆ ಮನುಷ್ಯನಿಗೆ ಕನ್ನಡಕ ಇಲ್ಲದಿದ್ದರೆ ತನ್ನ ಕಾಲಿನ ಬೂಟು ಕಾಣುತ್ತಿರಲಿಲ್ಲ. ಏಳು ವರ್ಷದಿಂದ ಅಲ್ಲಿ ತಡವರಿಸಿಕೊಂಡು ಓಡಾಡುತ್ತಿದ್ದಾನೆ ಎಂದು ನನಗೆ ಸಂಕಟ. ಯಾರಿಗೂ ಹೇಳಿರಲಿಲ್ಲ, ನಗುತ್ತಾರೆ ಎಂದು.

ಆದ್ದರಿಂದ ಹರಲಾಂಪಿಯ ಹೆಸರಿನಲ್ಲಿ ನಾನು ಒಂದು ಕಣ್ಣು ಪೊಮಾನಾ ಕೊಡುತ್ತಿದ್ದೇನೆ. ತೆಗೆದುಕೊಳ್ಳುವವರು ನೀವು.

ಪೊಮಾನಾ ಬೇಡ ಎನ್ನುವ ಹಾಗಿಲ್ಲ. ಬೇಡ ಎಂದರೆ ಕೊಟ್ಟವಳಿಗಲ್ಲ, ಸತ್ತವನಿಗೆ ನೋವು. ಇನ್ನೊಂದು ಮಾತು. ಪೊಮಾನಾ ತೆಗೆದುಕೊಂಡವರಿಗೆ ಕೊಟ್ಟವರ ಹಂಗಿಲ್ಲ. ಅದಕ್ಕೇ ತಾನೇ ನಾವು ಕೊಟ್ಟವರಿಗೆ ಉಪಕಾರ ಹೇಳುವುದೇ ಇಲ್ಲ? 'ಬೊಗ್ದಾಪ್ರೋಸ್ತೆ', ಸತ್ತವರನ್ನು ದೇವರು ಮನ್ನಿಸಲಿ, ಅಷ್ಟು ಹೇಳಿದರೆ ಲೆಕ್ಕ ಚುಕ್ತಾ. ಕಣ್ಣು ಬಂದ ಮೇಲೆ ಯಾವ ಕಡೆ ಬೇಕಾದರೂ ಮುದ್ರೆ ಒತ್ತಿ, ನಾನು ಕೇಳುವುದಿಲ್ಲ.

ಈಗ ಏನು ಹೇಳುತ್ತೀರಿ ಹೇಳಿ.

ತೆಕ್ಲಾ


ಕಿಶಿನೌ
11 ಅಕ್ಟೋಬರ್ 2024

ತೆಕ್ಲಾ,

ಇದು ಸ್ನೇಜಾನಾಳ ಕೈಬರಹ, ಮಾತು ನನ್ನದು. ಕಣ್ಣಿಗೆ ಪಟ್ಟಿ ಇದೆ.

ನಾನು ಚಾಪೆಯ ಕೆಳಗೆ ತೂರಿದರೆ ನೀವು ರಂಗೋಲಿಯ ಕೆಳಗೇ ತೂರಿದಿರಿ. ನಿಮ್ಮ ಕಾಗದ ಓದಿಸಿಕೊಂಡು ಗುರೀಯೆ ಪಾದ್ರಿಗಳ ಹತ್ತಿರ ಹೋದೆ, ಹೇಗಾದರೂ ತಪ್ಪಿಸಿಕೊಳ್ಳೋಣ ಎಂದು. "ಸ್ವಾಮೀ, ಕಣ್ಣು ಪೊಮಾನಾ ಕೊಡಬಹುದಾ?" ಎಂದು ಕೇಳಿದೆ. ಅವರು ಗಡ್ಡ ನೀವಿಕೊಂಡರು. "ಕೊಡ್ಬೋದು ಅಂತ ಎಲ್ಲೂ ಬರ್ದಿಲ್ಲಮ್ಮ. ಕೊಡ್ಬಾರ್ದು ಅಂತಾನೂ ಬರ್ದಿಲ್ಲ. ಹೋಗಿ ತಗೋ. ಹರಲಾಂಪಿ ನಂಗೂ ಬೇಕಾದೋನೇ, ಪಾಪ" ಎಂದರು.

ಎಂಟನೇ ತಾರೀಖು ಆಸ್ಪತ್ರೆಯಲ್ಲಿ ನಡೆದದ್ದು ಕೇಳಿ. ಬಾಗಿಲಲ್ಲಿ ನಿಮ್ಮ ಮಗ ಒಂದು ಕೈಯಲ್ಲಿ ಜಡೆರೊಟ್ಟಿ ಟವೆಲು, ಇನ್ನೊಂದು ಕೈಯಲ್ಲಿ ಮೇಣದಬತ್ತಿ ಹಿಡಿದುಕೊಂಡು ನಿಂತಿದ್ದ. ನರ್ಸಮ್ಮ ಓಡಿ ಬಂದಳು.

"ಏನಪ್ಪಾ ಇದು? ಇಲ್ಲಿ ಯಾರೂ ಸತ್ತಿಲ್ಲ!"

"ಸತ್ತಿರೋದು ನಮ್ಮಪ್ಪ ಕಣಮ್ಮ. ಏಳು ವರ್ಷ ಆಯ್ತು."

"ಮತ್ತೆ ಇಲ್ಲಿಗ್ಯಾಕೆ ಬಂದ್ರಿ?"

"ಅವ್ರ ಹೆಸ್ರಲ್ಲಿ ಕಣ್ಣು ಕೊಡೋಕೆ."

"ಅಯ್ಯೋ ದೇವ್ರೇ! ಏಳು ವರ್ಷದ್ ಹಿಂದೆ ಸತ್ತೋರ ಕಣ್ಣು ನಡ್ಯಲ್ಲಪ್ಪಾ! ಆಗ್ಲೇ ತರ್ಬೇಕಿತ್ತು!"

ನನಗೆ ನಗು ತಡೆಯಲಾಗಲಿಲ್ಲ. ಕೊನೆಗೆ ಡಾಕ್ಟರು ಬಂದರು. ವಯಸ್ಸಾದವರು, ಹಳ್ಳಿಯ ಕಡೆಯವರೇ. ವಿಷಯ ಕೇಳಿ, "ಒಳಗೆ ಬೆಂಕಿ ಹಚ್ಚೋ ಹಾಗಿಲ್ಲ. ಹೊರಗೆ ಮೆಟ್ಟಿಲ ಮೇಲೆ ಮಾಡ್ಕೊಳ್ಳಿ, ಬೇಗ" ಎಂದರು. ಹೊರಗೆ ಗಾಳಿ. ಬತ್ತಿ ಹಚ್ಚಿದಷ್ಟೂ ಆರಿತು. ಆಗ ಅದೇ ನರ್ಸಮ್ಮ ತನ್ನ ಬಿಳಿ ಕೋಟು ಬಿಚ್ಚಿ ಅಡ್ಡ ಹಿಡಿದಳು. ಲಿವಿಯು ರೊಟ್ಟಿಯನ್ನು ನನ್ನ ಕೈಗಿಟ್ಟು ಅಪ್ಪನ ಹೆಸರು ಹೇಳಿದ. ನಾನು ಬೊಗ್ದಾಪ್ರೋಸ್ತೆ ಎಂದೆ. ಜನ್ಮದಲ್ಲಿ ಆ ಮಾತನ್ನು ಎಷ್ಟು ಸಲ ಹೇಳಿದ್ದೇನೋ, ಅವತ್ತು ಹೇಳಿದ ಹಾಗೆ ಹೇಳಿರಲಿಲ್ಲ. ರೊಟ್ಟಿಯಲ್ಲಿ ಅರ್ಧ ಮುರಿದು ನರ್ಸಮ್ಮನಿಗೆ ಕೊಟ್ಟೆ, ಅವಳೂ ಹೇಳಿದಳು.

ಪಟ್ಟಿ ನಾಳಿದ್ದು ಬಿಚ್ಚುತ್ತಾರೆ.

(ಅತ್ತೆ, ನಾನು ಸ್ನೇಜಾನಾ. ಅಮ್ಮ ಇದನ್ನು ಹೇಳಿ ಬರೆಸುವಾಗ ಒಂದೇ ಸಮ ನಕ್ಕಳು, ಆಮೇಲೆ ಒಂದೇ ಸಮ ಅತ್ತಳು. ಅಳಬಾರದು ಎಂದು ಡಾಕ್ಟರು ಹೇಳಿದ್ದಾರೆ. ನೀವಾದರೂ ಹೇಳಿ.)


ಪಾದುವಾ
27 ಅಕ್ಟೋಬರ್ 2024

ಎವ್ದೋಕಿಯಾ,

ನಿಮ್ಮಿಂದ ಎರಡು ವಾರವಾದರೂ ಒಂದು ಸಾಲಿಲ್ಲ. ಗೇನಾ ಎರಡು ಸಲ ಬರಿಗೈಯಲ್ಲಿ ಬಂದ. "ಅತ್ತೆ, ಕಣ್ಣು ಚೆನ್ನಾಗಿದೆ" ಎಂದು ಸ್ನೇಜಾನಾ ಹೇಳುತ್ತಾಳೆ. ಮುಚ್ಚಿಡುವುದರಲ್ಲಿ ಅವಳು ನಿಮ್ಮ ಮಗಳೇ ಅಲ್ಲವೇ, ಹೇಗೆ ನಂಬಲಿ? ಕಾಣುವವರು ಯಾಕೆ ಬರೆಯುವುದಿಲ್ಲ?

ಹರಲಾಂಪಿಯೂ ಕನಸಿಗೆ ಬರಲಿಲ್ಲ. ಕೊಟ್ಟದ್ದು ತಲುಪಿದರೆ ಅವರು ಬಂದು ಹೇಳುತ್ತಾರೆ ಎನ್ನುತ್ತಾರಲ್ಲ. ಹಾಗಾಗಿ ನನಗೆ ಇನ್ನಷ್ಟು ಭಯ.

ಇಪ್ಪತ್ತನೇ ತಾರೀಖು ನಾನು ಸರದಿಯಲ್ಲಿ ನಿಂತದ್ದು ಬೆಳಗಿನಿಂದ ಮಧ್ಯಾಹ್ನದವರೆಗೆ. ಬೀದಿಯ ಉದ್ದಕ್ಕೂ ನಮ್ಮ ಹೆಂಗಸರು. ಎಲ್ಲರೂ ಯಾರದೋ ಮನೆಯ ಮುದುಕಿಯನ್ನು ಮಲಗಿಸಿ ಬಂದವರು, ವಾಚು ನೋಡಿಕೊಳ್ಳುತ್ತಿದ್ದರು. ಒಬ್ಬಳು ಮನೆಯಿಂದ ಚೀಸಿನ ಕಡುಬು ಮಾಡಿ ತಂದಿದ್ದಳು, ಹಿಂದಿನಿಂದ ಮುಂದಿನವರೆಗೆ ಹಂಚಿದಳು. ಬಾಗಿಲ ಹತ್ತಿರ ಹೋದಾಗ ನನ್ನ ಕಾಲು ಬಾತುಕೊಂಡಿತ್ತು. ಬೇಕು ಎಂದು ಒತ್ತಿ ಬಂದೆ.

ರಾತ್ರಿ ಎಣಿಕೆಯಲ್ಲಿ ಬೇಡವೇ ಮುಂದಿತ್ತು. ಬೆಳಿಗ್ಗೆ ಎದ್ದಾಗ ಬೇಕು ಗೆದ್ದಿತ್ತು, ಕೂದಲೆಳೆಯಷ್ಟರಲ್ಲಿ. ಹೊರದೇಶದ ಮತಗಳಿಂದ ಎಂದು ಎಲ್ಲರೂ ಹೇಳುತ್ತಾರೆ. ಕುಣಿಯಬೇಕಿತ್ತು, ಕುಣಿಯಲಿಲ್ಲ. ಕಣ್ಣು ಹೋಯಿತೇ, ಅದನ್ನಷ್ಟು ಹೇಳಿ. ಹೋಗಿದ್ದರೂ ನನ್ನ ಮೇಲೆ ಕೋಪಿಸಿಕೊಳ್ಳಬೇಡಿ.

ತೆಕ್ಲಾ


ಮೆರಿಶೋರ್
4 ನವೆಂಬರ್ 2024

ತೆಕ್ಲಾ,

ಈ ಅಕ್ಷರ ನೋಡಿ. ಸಾಲು ಸಾಲಾಗಿ, ಮಾಮೂಲಿ ಪೆನ್ನಿನಲ್ಲಿ, ನಾನೇ ಬರೆಯುತ್ತಿದ್ದೇನೆ. ನಿಮ್ಮ ಕಾಗದವನ್ನೂ ಗೇನಾನ ಹೆಂಡತಿಯ ಹಂಗಿಲ್ಲದೆ ಓದಿದೆ.

ಕಣ್ಣು ಚೆನ್ನಾಗಿದೆ. ಚೆನ್ನಾಗಿದೆ ಎಂದರೆ ಸಾಲದು. ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದು ಸ್ನೇಜಾನಾಳ ಹೊಟ್ಟೆಯ ಮೇಲಿನ ಅಂಗಿಯ ಗುಂಡಿ. ಎಲ್ಲ ಗುಂಡಿಯೂ ಬೇರೆ ಬೇರೆ ಬಣ್ಣದ್ದು. ಆಮೇಲೆ ಮನೆಗೆ ಬಂದೆ, ಬಂದು ಅಡುಗೆಮನೆ ನೋಡಿ ನಾಚಿಕೆಯಾಯಿತು. ಇಷ್ಟು ಕೊಳೆಯಲ್ಲಿ ಊರಿನ ಸತ್ತವರಿಗೆ ರೊಟ್ಟಿ ಸುಟ್ಟಿದ್ದೇನಲ್ಲ, ಎರಡು ದಿನ ತಿಕ್ಕಿದೆ. ಕನ್ನಡಿಯಲ್ಲಿ ಒಬ್ಬ ಮುದುಕಿ ಇದ್ದಳು, ಅವಳ ಪರಿಚಯ ಮಾಡಿಕೊಂಡೆ. ಬೆಳಿಗ್ಗೆ ಎದ್ದು ದ್ರಾಕ್ಷಿ ಬಳ್ಳಿಯ ಕೆಂಪು ಎಲೆ ನೋಡುತ್ತಾ ಕೂತುಬಿಡುತ್ತೇನೆ, ಕೋಳಿಗಳು ಹಸಿದುಕೊಂಡು ಕಾಲು ಕುಕ್ಕುತ್ತವೆ. ಹರಲಾಂಪಿ ನಿಮ್ಮ ಕನಸಿಗೆ ಬರದಿದ್ದರೆ ಚಿಂತಿಸಬೇಡಿ. ಏಳು ವರ್ಷ ಕಾಣದಿದ್ದದ್ದನ್ನೆಲ್ಲ ಅವನೂ ಮೊದಲು ನೋಡಿ ಮುಗಿಸಬೇಕಲ್ಲ.

ಇಷ್ಟು ದಿನ ಬರೆಯದಿದ್ದ ಕಾರಣ ಬೇರೆ. ಹೇಳದೆ ಇರಲಾರೆ.

ಇಪ್ಪತ್ತನೇ ತಾರೀಖು ಹಳೇ ಶಾಲೆಗೆ ಹೋದೆ. ಪರದೆಯ ಹಿಂದೆ ಚೀಟಿ ಬಿಡಿಸಿ ಪ್ರಶ್ನೆಯನ್ನು ನಾನೇ ಓದಿದೆ, ಮೂರು ಸಲ. ಎಷ್ಟೋ ಚುನಾವಣೆಯಿಂದ ಯಾರೋ ಬೆರಳಿಟ್ಟು ತೋರಿಸಿದ ಕಡೆ ಒತ್ತಿ ಬರುತ್ತಿದ್ದವಳು ನಾನು. ಮುದ್ರೆಯನ್ನು 'ಬೇಕು' ಎಂಬಲ್ಲಿಗೆ ಒಯ್ದೆ. ತೆಕ್ಲಾ ಖುಷಿಪಡುತ್ತಾಳೆ ಎನಿಸಿತು. ಹಂಗಿಲ್ಲ ಎಂದು ನೀವು ಬರೆದಿದ್ದಿರಿ, ಆದರೂ ಹಂಗು ಬಂದು ಕೈ ಹಿಡಿಯಿತು. ಅಲ್ಲಿಯೇ ನಿಂತುಕೊಂಡೆ. ಹೊರಗಿನಿಂದ ಯಾರೋ "ಏನಜ್ಜಿ, ನಿದ್ದೆ ಹೋದ್ಯಾ?" ಎಂದರು. ಆಮೇಲೆ ಅಂದುಕೊಂಡೆ, ಖುಷಿಪಡಿಸಲು ಒತ್ತಿದರೆ ನಾನು ತೆಗೆದುಕೊಂಡದ್ದು ಪೊಮಾನಾ ಆಗುವುದಿಲ್ಲ, ಹರಲಾಂಪಿ ಮತ್ತೆ ಕತ್ತಲಿಗೇ ಹೋಗುತ್ತಾನೆ. ಸಮಾಧಿಗಳ ಹತ್ತಿರ ತೆಗೆದುಕೊಳ್ಳುವವರಿಲ್ಲದೆ ಚಾಚಿದ್ದ ಕೈಗಳು ನೆನಪಾದವು. ಬೇಡ ಎಂದು ಒತ್ತಿದೆ.

ಒತ್ತಿ ಮನೆಗೆ ಬಂದವಳಿಗೆ ಊಟ ಸೇರಲಿಲ್ಲ. ನಿಮ್ಮ ಕಣ್ಣಿನಲ್ಲಿ ನೋಡಿ ನಿಮ್ಮ ವಿರುದ್ಧ ಒತ್ತಿದೆನಲ್ಲ, ಯಾವ ಮುಖ ಇಟ್ಟುಕೊಂಡು ಬರೆಯಲಿ ಎಂದು ಪೆನ್ನು ಹಿಡಿಯಲಿಲ್ಲ. ನಿಮ್ಮವರು ಗೆದ್ದರು. ನನಗೆ ಬೇಸರವಿದೆ, ಇಲ್ಲ ಎಂದರೆ ಸುಳ್ಳಾಗುತ್ತದೆ.

ಮರುದಿನ ಬಾವಿಯ ಹತ್ತಿರ ಅಗಾಫಿಯಾ ದೊಡ್ಡ ಬಾಯಿ ಮಾಡುತ್ತಿದ್ದಳು. "ಅಲ್ಲೆಲ್ಲೋ ಇಟಲೀಲಿ ಕೂತ್ಕೊಂಡು ನಮ್ ಹಣೆಬರ ಬರೀತಾರೆ. ನಿನ್ ಬೀಗಿತ್ತಿನೂ ಅವ್ರಲ್ಲೊಬ್ಳು" ಎಂದಳು. ಹಿಂದಿನ ದಿನದವರೆಗೂ ನಾನೂ ಆ ಮಾತು ಆಡಿದವಳೇ. ಆದರೆ ಅವಳ ಬಾಯಲ್ಲಿ ಕೇಳಿದಾಗ ತಡೆಯಲಾಗಲಿಲ್ಲ. ನೀವು ಸರದಿಯಲ್ಲಿ ನಿಂತದ್ದನ್ನು ಸ್ನೇಜಾನಾ ಆಗಲೇ ಫೋನಿನಲ್ಲಿ ಹೇಳಿದ್ದಳು. "ಕೂತ್ಕೊಂಡಲ್ಲ ಕಣೇ, ಅರ್ಧ ದಿನ ನಿಂತ್ಕೊಂಡು ಒತ್ತಿದ್ಲು. ಬಿಟ್ಟಿ ಒತ್ತಿದ್ಲು. ನೀನು ಎಷ್ಟಕ್ಕೆ ಒತ್ತಿದೆ ಹೇಳು" ಎಂದೆ. ಅವಳು ಬಿಂದಿಗೆ ಅರ್ಧ ತುಂಬಿಸಿಕೊಂಡೇ ಹೋದಳು.

ಪೊಮಾನಾಕ್ಕೆ ಉಪಕಾರ ಹೇಳಬಾರದು. ನಾನು ಇಲ್ಲಿಯವರೆಗೆ ಆ ನಿಯಮ ಮುರಿದವಳಲ್ಲ. ತೆಕ್ಲಾ, ನಿಮ್ಮಿಂದ ದೊಡ್ಡ ಉಪಕಾರವಾಯಿತು. ಹೇಳಿಬಿಟ್ಟೆ. ಬೇಜಾರಾಗಿದ್ದರೆ ಬೈದು ಬರೆಯಿರಿ, ಸಣ್ಣ ಅಕ್ಷರದಲ್ಲೇ ಬರೆಯಿರಿ.

ಎವ್ದೋಕಿಯಾ


ಪಾದುವಾ
10 ನವೆಂಬರ್ 2024

ಎವ್ದೋಕಿಯಾ,

ಇನ್ನು 'ನೀವು' ಎನ್ನಲು ನನಗೆ ಬರುವುದಿಲ್ಲ. ಬಾವಿಯ ಹತ್ತಿರ ನನಗಾಗಿ ಜಗಳಕ್ಕೆ ನಿಂತವಳನ್ನು 'ನೀವು' ಎಂದು ಹೇಗೆ ಕರೆಯಲಿ? ಮಕ್ಕಳು ಕೇಳಿದರೆ ವಯಸ್ಸಾಯಿತು, ಮರೆವು ಎಂದು ಹೇಳೋಣ.

ನಿನ್ನ ಕಾಗದವನ್ನು ಅಡುಗೆಮನೆಯಲ್ಲಿ ನಿಂತೇ ಓದಿದೆ. ನೋರ್ಮಾ ಅಮ್ಮ ಗಾಲಿಕುರ್ಚಿಯಲ್ಲಿ ಬಂದು "ಯಾಕೆ ಅಳ್ತಿದೀಯ? ಯಾರು ಹೋದ್ರು?" ಎಂದು ಕೇಳಿದರು. ಯಾರೂ ಹೋಗಲಿಲ್ಲಮ್ಮ, ಒಬ್ಬಳು ಉಳಿದಳು ಎಂದೆ. ಅವರಿಗೆ ಅರ್ಥವಾಗಲಿಲ್ಲ.

ನಾನೂ ಒಂದು ನಿಜ ಹೇಳುತ್ತೇನೆ. ಯಾವ ಕಡೆ ಬೇಕಾದರೂ ಒತ್ತಿ ಎಂದು ದೊಡ್ಡದಾಗಿ ಬರೆದಿದ್ದೆನಲ್ಲ, ಬರೆಯುವಾಗ ಮನಸ್ಸಿನ ಒಂದು ಮೂಲೆಯಲ್ಲಿ ಆಸೆ ಕೂತಿತ್ತು. ಕಣ್ಣು ಬಂದರೆ ಇವಳು ನಮ್ಮ ಕಡೆ ಬಂದಾಳು ಎಂದು. ಆ ರಾತ್ರಿ ಎಣಿಕೆ ನಡೆಯುವಾಗ, ಒಂದೊಂದು ಮತಕ್ಕೂ ಎಲ್ಲರೂ ಉಸಿರು ಹಿಡಿದಿದ್ದಾಗ, ನನಗೆ ಇದ್ದಕ್ಕಿದ್ದಂತೆ ಭಯವಾಯಿತು. ಅವಳು ನನಗೋಸ್ಕರ ಬೇಕು ಎಂದುಬಿಟ್ಟಿದ್ದರೆ? ಹಾಗಾಗಿದ್ದರೆ ಬಿಳಿ ಷರಟಿನವನಿಗೂ ನನಗೂ ವ್ಯತ್ಯಾಸ ಏನು? ಅವನು ಫೋನಿಗೆ ಹಾಕಿದ, ನಾನು ಕಣ್ಣಿಗೆ ಹಾಕಿದೆ. ನಿದ್ದೆ ಬರಲಿಲ್ಲ. ಗೆದ್ದ ಬೆಳಿಗ್ಗೆಯೂ ಕುಣಿಯದಿದ್ದದ್ದು ಅದಕ್ಕೇ. ಕಣ್ಣಿನ ಚಿಂತೆ ಎಂದು ನಿನಗೆ ಬರೆದೆ, ಅರ್ಧ ಚಿಂತೆ ಇದೇ ಆಗಿತ್ತು.

ನೀನು ಬೇಡ ಎಂದದ್ದಕ್ಕೆ ನಾನು ನಿನಗೆ ಋಣಿ. ಈ ಮಾತನ್ನು ಬರೆಯುತ್ತೇನೆ ಎಂದು ಆಗಸ್ಟಿನಲ್ಲಿ ಯಾರಾದರೂ ಹೇಳಿದ್ದರೆ ಅವರ ತಲೆಗೆ ಸೌಟಿನಿಂದ ಬಾರಿಸುತ್ತಿದ್ದೆ. ಊರು ಖಾಲಿಯಾಗುತ್ತಿದೆ ಎನ್ನುವ ನಿನ್ನ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಗೆದ್ದವರು ಉತ್ತರ ಹುಡುಕಬೇಕು, ನಾನೂ ಹುಡುಕುತ್ತೇನೆ. ಈ ವರ್ಷ ನೋರ್ಮಾ ಅಮ್ಮನ ಮಗಳು ಎರಡು ತಿಂಗಳು ಅಮ್ಮನನ್ನು ನೋಡಿಕೊಳ್ಳುತ್ತೇನೆ ಎಂದಿದ್ದಾಳೆ. ಮಗು ಹುಟ್ಟುವ ಮೊದಲೇ ಬರುತ್ತೇನೆ, ನಾಮಕರಣ ಮುಗಿದ ಮೇಲೂ ಇರುತ್ತೇನೆ. ಒಲೆಯ ಪಕ್ಕ ನನಗೊಂದು ಜಾಗ ಮಾಡಿಡು. ನಿನಗೆ ಕಾಣುವ ಕೊಳೆ ನನಗೂ ಕಾಣುತ್ತದೆ, ಜೋಪಾನ.

ನಮ್ಮ ಮೊಮ್ಮಗಳು ದೊಡ್ಡವಳಾದ ಮೇಲೆ ಅವಳ ದೇಶ ಒಕ್ಕೂಟದಲ್ಲಿ ಇರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಇದ್ದರೂ ಇಲ್ಲದಿದ್ದರೂ ಅವಳಿಗೆ ಒಂದು ವಿಷಯ ನಾನೇ ಹೇಳಬೇಕು. ನಿನ್ನ ಅಜ್ಜಿಯ ಮತವನ್ನು ಕೊಳ್ಳಲು ಬಂದವರು ಇಬ್ಬರಿದ್ದರು, ಒಬ್ಬ ಗೊತ್ತಿದ್ದೂ ಬಂದ, ಒಬ್ಬಳು ಗೊತ್ತಿಲ್ಲದೆ ಬಂದಳು, ಅಜ್ಜಿ ಇಬ್ಬರಿಗೂ ಮಾರಲಿಲ್ಲ ಎಂದು. ನಾನು ಇದನ್ನು ಹೇಳುವಾಗ ನೀನು ಮಧ್ಯೆ ಬಾಯಿ ಹಾಕಬೇಡ.

ನಿನ್ನ
ತೆಕ್ಲಾ